ದಮ್ಮು, ಒಲೆ ಮತ್ತು ಊಟದ ಎಲೆ

ನಮ್ಮ ಸಂಘದ ಕಛೇರಿಗೆ ಇರುವುದು ಹನ್ನೊಂದು ಮೆಟ್ಟಿಲು. ಕಾರ್ಯದರ್ಶಿಯ ಮೇಜು ಕಿಟಕಿಯ ಪಕ್ಕದಲ್ಲಿರುವುದರಿಂದ ಹತ್ತಿ ಬರುವವರೆಲ್ಲ ನನ್ನ ಕಣ್ಣಿಗೆ ಬೀಳುತ್ತಾರೆ. ಹತ್ತು ವರ್ಷಗಳ ಹಿಂದೆ ಅಡಿಕೆ ಮೂಟೆಯನ್ನು ಹೆಗಲ ಮೇಲಿಟ್ಟುಕೊಂಡು ಒಂದೇ ಉಸಿರಿಗೆ ಹತ್ತುತ್ತಿದ್ದ ಕೆಲವು ಸದಸ್ಯರು ಈಗ ಆರನೆಯ ಮೆಟ್ಟಿಲಿನಲ್ಲಿ ನಿಂತು, ಗೋಡೆಗೆ ಕೈಯಾನಿಸಿ, ಹಿಂದಿನವರಿಗೆ ದಾರಿ ಬಿಡುತ್ತಾರೆ. ಒಳಗೆ ಬಂದು ಕುಳಿತ ಮೇಲೂ ಎರಡು ನಿಮಿಷ ಮಾತಿಲ್ಲ. "ಏನಾಯ್ತು ರಾಯರೆ?" ಎಂದು ಕೇಳಿದರೆ, "ಏನಿಲ್ಲ ಮಾರಾಯ್ರೆ, ವಯಸ್ಸಾಯ್ತಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ವಯಸ್ಸು ಎಂಬ ಒಂದೇ ಚೀಲಕ್ಕೆ ನಾವು ಬೇರೆ ಬೇರೆ ಮಾಲನ್ನೆಲ್ಲ ತುಂಬಿ ಬಾಯಿ ಹೊಲಿದುಬಿಡುತ್ತೇವೆ. ಹೀಗೆ ಹೇಳುವವರಲ್ಲಿ ಕೆಲವರು ನನ್ನ ಓರಗೆಯವರು, ಐವತ್ತೈದು ದಾಟದವರು. ವರ್ಷದಲ್ಲಿ ಮೂರು ತಿಂಗಳು ಬಿಡದ ಕಫದ ಕೆಮ್ಮು, ಏರು ಹತ್ತುವಾಗ ಏದುಸಿರು, ಮಳೆಗಾಲ ಬಂತೆಂದರೆ ಎದೆಯಲ್ಲಿ ಸುಂಯ್‌ಗುಡುವುದು, ಇವನ್ನು ನಮ್ಮ ಹಿರಿಯರು ದಮ್ಮು ಎಂದರು, ಗೂರಲು ಎಂದರು. ಇದರಲ್ಲಿ ಒಂದು ಭಾಗ ಆಸ್ತಮಾ. ಇನ್ನೊಂದು ಭಾಗವನ್ನು ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ. ಅಂದರೆ ಶ್ವಾಸನಾಳಗಳು ಹೊಗೆ ಧೂಳಿಗೆ ಊದಿಕೊಂಡು ಕಿರಿದಾಗಿ, ಗಾಳಿಗೂಡುಗಳು ಸಡಿಲವಾಗಿ, ಒಳಗೆ ಹೋದ ಉಸಿರು ಪೂರ್ತಿ ಹೊರಬರಲಾರದ ಸ್ಥಿತಿ. ಒಮ್ಮೆ ಕೆಟ್ಟ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು.

ನಾನು ವೈದ್ಯನಲ್ಲ. ಎಂದೋ ಬಿ.ಎಸ್ಸಿ. ಮಾಡಿ ತೋಟಕ್ಕಿಳಿದವನು. ಆದರೆ ಮನೆಯಲ್ಲಿ ತಾಯಿಯವರು ಈ ಖಾಯಿಲೆಯಿಂದ ನರಳಿದ್ದರಿಂದ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ತಿಳಿದ ವೈದ್ಯರನ್ನು ಕೇಳಿದ್ದೇನೆ. ಅದರಲ್ಲಿ ನಾವು ಯಾರೂ ಗಮನಿಸದ ಒಂದು ಸಂಗತಿಯಿದೆ. ಅಡಿಗೆಮನೆ ಎರಡು ದಾರಿಯಿಂದ ನಮ್ಮ ಶ್ವಾಸಕೋಶವನ್ನು ಮುಟ್ಟುತ್ತದೆ. ಒಂದು ಒಲೆಯ ಹೊಗೆಯ ದಾರಿ, ಇನ್ನೊಂದು ಊಟದ ಎಲೆಯ ದಾರಿ. ಮೊದಲನೆಯದು ಅಷ್ಟಿಷ್ಟು ಗೊತ್ತಿರುವಂಥದು. ಎರಡನೆಯದನ್ನು ಕುರಿತೇ ಈ ಲೇಖನ. ಆದರೂ ಹೊಗೆಯ ಮಾತನ್ನು ಮೊದಲು ಮುಗಿಸದೆ ಊಟಕ್ಕೆ ಕೂರುವಂತಿಲ್ಲ.

ನಮ್ಮ ದೇಶದಲ್ಲಿ ಸಿ.ಓ.ಪಿ.ಡಿ. ಇರುವವರು 1990ರಲ್ಲಿ ಸುಮಾರು 2 ಕೋಟಿ 81 ಲಕ್ಷ, 2016ರಲ್ಲಿ 5 ಕೋಟಿ 53 ಲಕ್ಷ ಎಂದು 2018ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಈ ರೋಗದ ಹೊರೆಯಲ್ಲಿ ಶೇ. 53.7 ಭಾಗ ಮನೆಯೊಳಗಿನ ಮತ್ತು ಹೊರಗಿನ ಕೆಟ್ಟ ಗಾಳಿಯದು, ಶೇ. 25.4 ತಂಬಾಕಿನದು, ಶೇ. 16.5 ಕೆಲಸದ ಸ್ಥಳದ ಧೂಳು ಹೊಗೆಯದು. ಬೀಡಿ ಸೇದದವರಿಗೆ ದಮ್ಮು ಹೇಗೆ ಬಂತು ಎಂದು ಆಶ್ಚರ್ಯಪಡುವವರು ಈ ಅಂಕೆಗಳನ್ನು ಇನ್ನೊಮ್ಮೆ ಓದಬೇಕು.

ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿದ ವೈದ್ಯರು 2013ರಲ್ಲಿ ಒಂದು ಸುಲಭವಾದ ಲೆಕ್ಕವನ್ನು ಮುಂದಿಟ್ಟರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷದಿಂದ ಎಂಬುದರಿಂದ ಗುಣಿಸುವುದು. ಗುಣಲಬ್ಧ 60ನ್ನು ಮುಟ್ಟಿದರೆ ಬಿಡದ ಕಫದ ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷವಾದರೆ ಅಲ್ಲಿಗೆ 60 ಆಯಿತು. ನನ್ನ ತಾಯಿಯವರು ಹದಿನೇಳನೆಯ ವಯಸ್ಸಿಗೆ ಈ ಮನೆಯ ಒಲೆಯ ಮುಂದೆ ಕುಳಿತವರು ಅರವತ್ತರವರೆಗೆ ದಿನಕ್ಕೆ ನಾಲ್ಕು ಗಂಟೆಗೆ ಕಡಿಮೆಯಿಲ್ಲದಂತೆ ಹೊಗೆ ಕುಡಿದರು. ಲೆಕ್ಕ ಹಾಕಿ ನೋಡಿದೆ, 172 ಬಂತು. ಕೊಯ್ಲಿನ ಕಾಲದ ಅಡಿಕೆ ಬೇಯಿಸುವ ಒಲೆ ಇದರಲ್ಲಿ ಸೇರಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಮಲೆನಾಡಿನ ಎಷ್ಟೋ ಮನೆಗಳಿಗೆ ಬಂದು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಹಾಕಿತು. ಆಮೇಲೆ ಅನಿಲವೂ ಬಂತು. ಸರಿ, ಆದರೆ ಬಚ್ಚಲೊಲೆ? ಅಡಿಗೆಮನೆಯಲ್ಲಿ ನೀಲಿ ಜ್ವಾಲೆ ಉರಿಯುವ ಮನೆಗಳಲ್ಲೂ ಬಚ್ಚಲಲ್ಲಿ ಹಂಡೆಯ ಕೆಳಗೆ ಅಡಿಕೆ ಸಿಪ್ಪೆ, ಹಸಿ ಸೋಗೆ ಹೊಗೆಯಾಡುತ್ತಲೇ ಇದೆ. ನಮ್ಮ ಮನೆಯಲ್ಲೂ ಮೂರು ವರ್ಷದ ಹಿಂದಿನವರೆಗೆ ಹಾಗೆಯೇ ಇತ್ತು. ಪುಕ್ಕಟೆ ಉರುವಲು ಎಂಬ ಆಸೆ ದೊಡ್ಡದು.

ಇನ್ನು ಊಟದ ಎಲೆಗೆ ಬರೋಣ.

ಅಮೆರಿಕದಲ್ಲಿ ಸುಮಾರು 73 ಸಾವಿರ ದಾದಿಯರನ್ನೂ 47 ಸಾವಿರ ಗಂಡಸು ಆರೋಗ್ಯ ವೃತ್ತಿಯವರನ್ನೂ ಹನ್ನೆರಡರಿಂದ ಹದಿನಾರು ವರ್ಷಗಳ ಕಾಲ ಹಿಂಬಾಲಿಸಿ, ಅವರು ಏನು ತಿನ್ನುತ್ತಾರೆಂಬುದನ್ನು ಆಗಾಗ ಬರೆಸಿಕೊಂಡರು. ತರಕಾರಿ, ತೌಡು ಹೋಗದ ಧಾನ್ಯ, ಕಾಳು, ಬೀಜಗಳು, ಮೀನಿನ ಕೊಬ್ಬು, ಇವು ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಮೈದಾದಂತಹ ನುಣುಪು ಹಿಟ್ಟು, ಸಕ್ಕರೆ ಪಾನೀಯ, ಕೆಂಪು ಮಾಂಸ ಮತ್ತು ಉಪ್ಪು ರಾಸಾಯನಿಕ ಹಾಕಿ ಕೆಡದಂತೆ ಮಾಡಿದ ಮಾಂಸ, ಇವು ಹೆಚ್ಚಿದ್ದಷ್ಟೂ ಅಂಕ ಕಡಿಮೆ. ರಫಾಯೆಲ್ ವಾರಾಸೊ ಎಂಬ ಫ್ರೆಂಚ್ ಸಂಶೋಧಕಿಯೂ ಸಂಗಡಿಗರೂ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅತಿ ಹೆಚ್ಚು ಅಂಕದ ಐದನೇ ಒಂದು ಭಾಗದವರಲ್ಲಿ ಸಿ.ಓ.ಪಿ.ಡಿ. ತಗಲುವ ಸಂಭವ ಅತಿ ಕಡಿಮೆ ಅಂಕದವರಿಗಿಂತ ಮೂರನೇ ಒಂದರಷ್ಟು ಕಡಿಮೆಯಿತ್ತು. ಧೂಮಪಾನ, ವಯಸ್ಸು, ತೂಕ, ವ್ಯಾಯಾಮ ಇವುಗಳ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲಿನ ಮಾತು ಇದು.

ಸ್ವೀಡನ್ನಿನದು ಇನ್ನೂ ಸ್ಪಷ್ಟವಾಗಿದೆ. 44,335 ಗಂಡಸರನ್ನು ಸುಮಾರು ಹದಿಮೂರು ವರ್ಷ ಗಮನಿಸಿದಾಗ 1,918 ಮಂದಿಗೆ ಈ ರೋಗ ಬಂತು. ದಿನಕ್ಕೆ ಐದು ಸಲದಷ್ಟು ಹಣ್ಣು ತರಕಾರಿ ತಿನ್ನುವವರನ್ನು ಎರಡು ಸಲವೂ ತಿನ್ನದವರೊಂದಿಗೆ ಹೋಲಿಸಿದರು. ಸಿಗರೇಟು ಸೇದುತ್ತಿದ್ದವರಲ್ಲಿ ಅಪಾಯ ಶೇ. 40ರಷ್ಟು, ಸೇದಿ ಬಿಟ್ಟವರಲ್ಲಿ ಶೇ. 34ರಷ್ಟು ಕಡಿಮೆ ಕಂಡುಬಂತು. ಸೇಬು, ಪೇರು, ಹಸಿರು ಸೊಪ್ಪು, ದೊಣ್ಣೆ ಮೆಣಸಿನಕಾಯಿ ಇವುಗಳ ಹೆಸರು ವಿಶೇಷವಾಗಿ ಬಂದಿದೆ. 2017ರಲ್ಲಿ ಅಚ್ಚಾದ ವರದಿ.

ಇದನ್ನು ಓದಿ ಬೀಡಿ ಕಟ್ಟಿನ ಜೊತೆಗೆ ಸೀಬೆಹಣ್ಣು ಇಟ್ಟುಕೊಂಡರಾಯಿತೆಂದು ಯಾರಾದರೂ ತೀರ್ಮಾನಿಸಿದರೆ ಅಂಥವರಿಗೂ ಅದೇ ವರದಿಯಲ್ಲಿ ಉತ್ತರವಿದೆ. ಎಂದೂ ಸೇದದೆ ಚೆನ್ನಾಗಿ ಹಣ್ಣು ತರಕಾರಿ ತಿನ್ನುವವರಿಗೆ ಹೋಲಿಸಿದರೆ, ಸೇದುತ್ತ ಅವುಗಳನ್ನು ಮೂಸದವರ ಅಪಾಯ ಹದಿಮೂರು ಪಟ್ಟಿಗೂ ಹೆಚ್ಚು. ಬೀಡಿಯೇ ದೊಡ್ಡ ಬಾಕಿ, ಊಟ ಅದರ ಬಡ್ಡಿಯಲ್ಲಿ ಸ್ವಲ್ಪ ರಿಯಾಯಿತಿ ಕೊಡಿಸೀತು, ಅಷ್ಟೆ. ಎಂದೂ ಸೇದದವರಲ್ಲಿ ಈ ರಿಯಾಯಿತಿ ಕಾಣಿಸಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಸ್ವೀಡನ್ನಿನ ಆ ಗಂಡಸರು ನಮ್ಮ ಹೆಂಗಸರಂತೆ ಹಸಿ ಸೌದೆ ಊದಿದವರಲ್ಲ. ಹೊಗೆ ಬೀಡಿಯದಾದರೂ ಸೌದೆಯದಾದರೂ ಶ್ವಾಸನಾಳವನ್ನು ಕೆಡಿಸುವ ಬಗೆ ಬಹುಮಟ್ಟಿಗೆ ಒಂದೇ ಆದ್ದರಿಂದ ಆ ಪಾಠ ನಮ್ಮ ಅಡಿಗೆಮನೆಗೂ ಸಲ್ಲುತ್ತದೆಂದು ನಾನು ಭಾವಿಸಿದ್ದೇನೆ.

ಊಟಕ್ಕೂ ಉಸಿರಿಗೂ ಏನು ಸಂಬಂಧ? ಬಾಳೆದಿಂಡು ಹೆಚ್ಚಿ ಹಾಗೇ ಇಟ್ಟರೆ ಅರ್ಧ ಗಳಿಗೆಯಲ್ಲಿ ಕಪ್ಪಾಗುತ್ತದೆ, ನಿಂಬೆರಸ ಹಿಂಡಿದ ನೀರಿನಲ್ಲಿ ಹಾಕಿದರೆ ಬೆಳ್ಳಗೇ ಉಳಿಯುತ್ತದೆ. ಇದನ್ನು ಎಲ್ಲ ಹೆಂಗಸರೂ ಬಲ್ಲರು. ಗಾಳಿಯ ಆಮ್ಲಜನಕ ಮಾಡುವ ಕೆಡುಕನ್ನು ನಿಂಬೆ ತಡೆಯಿತು. ಹೊಗೆಯಲ್ಲಿರುವ ಉರಿವಸ್ತುಗಳು ಶ್ವಾಸನಾಳದ ಒಳಪದರಕ್ಕೆ ಮಾಡುವುದೂ ಹೆಚ್ಚುಕಡಿಮೆ ಅಂಥದೇ ಕೆಡುಕು. ಆ ಪದರದ ಮೇಲಿರುವ ತೆಳ್ಳನೆಯ ದ್ರವದಲ್ಲಿ ಸಿ ಜೀವಸತ್ವ ಮೊದಲಾದ ಕಾವಲುಗಾರರು ಇರುತ್ತಾರೆ. ಸೇದುವವರ ರಕ್ತದಲ್ಲಿ ಸಿ ಜೀವಸತ್ವ ಸೇದದವರಿಗಿಂತ ಕಡಿಮೆಯಿರುವುದು ಚೆನ್ನಾಗಿ ತಿಳಿದ ವಿಷಯ. ಖರ್ಚು ಹೆಚ್ಚು, ಜಮೆ ಕಡಿಮೆ. ಜಮೆ ಬರಬೇಕಾದ್ದು ಊಟದಿಂದಲೇ.

ಹಾಗಾದರೆ ಗುಳಿಗೆ ನುಂಗಿದರಾಗದೇ ಎಂದು ಕೇಳುವವರುಂಟು. ಪೇಟೆಯಲ್ಲಿ ಬಣ್ಣಬಣ್ಣದ ಡಬ್ಬಿಗಳನ್ನು ಮಾರುವವರೂ ಉಂಟು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ, ಗೆಜ್ಜರಿಯ ಬಣ್ಣದ ಸತ್ವವಾದ ಬೀಟಾ ಕೆರೋಟಿನ್ನನ್ನು ಗುಳಿಗೆಯಾಗಿ ಕೊಟ್ಟರು. ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತೆಂದು 1994ರಲ್ಲಿ ವರದಿಯಾಯಿತು. ಒಳ್ಳೆಯದಾದೀತೆಂದು ಕೊಟ್ಟದ್ದು! ಗೆಜ್ಜರಿಯಲ್ಲಿ ಒಂದು ಸತ್ವವಲ್ಲ, ನೂರೆಂಟು ಸತ್ವಗಳು ನಾರಿನೊಡನೆ ಬೆರೆತು ಬರುತ್ತವೆ. ಡಬ್ಬಿಯ ಹಣವನ್ನು ಉಳಿಸಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಒಬ್ಬರಿಗೆ ದಿನಕ್ಕೆ ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಎಂದಿದೆ. ನಮ್ಮದು ತೋಟದ ಮನೆ, ಅಷ್ಟು ತಿನ್ನುವುದಿಲ್ಲವೇ ಎಂಬ ಧೈರ್ಯ ನನಗಿತ್ತು. ಒಂದು ದಿನ ಮನೆಯವಳಿಗೆ ಹೇಳಿ, ನನ್ನ ಪಾಲಿಗೆ ಬಂದ ತರಕಾರಿಯನ್ನು ಹುಳಿಯ ಹೋಳು ಸಮೇತ ತಕ್ಕಡಿಗೆ ಹಾಕಿಸಿದೆ. ಮೂರು ಹೊತ್ತಿನದೂ ಸೇರಿ 140 ಗ್ರಾಂ. ಹಣ್ಣು ಸೊನ್ನೆ. ಅನ್ನವನ್ನು ತೂಗುವ ಧೈರ್ಯ ಬರಲಿಲ್ಲ.

ಇದು ಹೇಗಾಯಿತೆಂದು ಯೋಚಿಸಿದರೆ ಉತ್ತರ ಹಿತ್ತಲಿನಲ್ಲಿದೆ. ನಾನು ಹುಡುಗನಾಗಿದ್ದಾಗ ಬಾವಿಕಟ್ಟೆಯಿಂದ ಕೊಟ್ಟಿಗೆಯವರೆಗೆ ಬಸಳೆ ಚಪ್ಪರ, ಹಾಗಲ ಬಳ್ಳಿ, ನುಗ್ಗೆ, ಪರಂಗಿ, ಎರಡು ಸೀಬೆ ಮರ, ಬಚ್ಚಲ ನೀರು ಹರಿವಲ್ಲಿ ಕೆಸುವು ಮತ್ತು ಒಂದೆಲಗ. ಕಾಫಿ ಗಿಡಗಳ ನಡುವೆ ಕಿತ್ತಳೆ. ಮಳೆಗಾಲದ ಆರಂಭದಲ್ಲಿ ಕಳಲೆ, ಪತ್ರೊಡೆ, ದಿನ ಬಿಟ್ಟು ದಿನ ಒಂದು ತಂಬುಳಿ. ಇವುಗಳಿಗೆ ಯಾರೂ ಪೋಷಣೆಯೆಂಬ ದೊಡ್ಡ ಹೆಸರು ಕೊಟ್ಟಿರಲಿಲ್ಲ, ಕೊಂಡು ತರಲು ಕಾಸಿಲ್ಲದ್ದರಿಂದ ತಿನ್ನುತ್ತಿದ್ದೆವು. ಅಡಿಕೆಗೆ ಬೆಲೆ ಬಂದಿತು. ಸಸಿಗಳು ಹಿತ್ತಲ ಗೋಡೆಯವರೆಗೆ ಬಂದವು. ನೆರಳಾಗುತ್ತದೆಂದು ಸೀಬೆ ಕಡಿಸಿದವನು ನಾನೇ. ಈಗ ವಾರಕ್ಕೊಮ್ಮೆ ಸಂತೆಯಿಂದ ಕೋಸು, ಆಲೂಗೆಡ್ಡೆ ಬರುತ್ತದೆ. ಬೆಳಗಿನ ಅಕ್ಕಿ ರೊಟ್ಟಿ ಕಡುಬಿನ ಜಾಗದಲ್ಲಿ ಬ್ರೆಡ್ಡು, ಸಂಜೆಗೆ ಬೇಕರಿಯ ಖಾರ, ಮಕ್ಕಳಿಗೆ ಬಣ್ಣದ ಬಾಟಲಿ ನೀರು. ಅಡಿಕೆ ಮಾರಿದ ಹಣದಲ್ಲಿ ಅಡಿಕೆಗಾಗಿ ಕಳೆದುಕೊಂಡ ತರಕಾರಿಯನ್ನು ಕೊಳ್ಳುತ್ತೇವೆ, ಅದೂ ಮೂರನೇ ಒಂದು ಪಾಲು.

"ಮಂಗ ಬಿಟ್ಟರೆ ತಾನೆ?" ಎಂದು ಸದಸ್ಯರು ಕೇಳುವುದು ನನಗೆ ಈಗಲೇ ಕೇಳಿಸುತ್ತಿದೆ. ನ್ಯಾಯವಾದ ಪ್ರಶ್ನೆ. ಬಾಳೆ ಪರಂಗಿಗಳನ್ನು ಅವು ಉಳಿಸುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಕೆಸುವಿನ ತಂಟೆಗೆ ಅವು ಬರುವುದಿಲ್ಲ, ಹಾಗಲಕಾಯಿಗೆ ಅಷ್ಟಾಗಿ ಆಸೆಪಡುವುದಿಲ್ಲ, ನೆಲಕ್ಕಂಟಿದ ಒಂದೆಲಗವನ್ನು ಮೂಸುವುದೂ ಇಲ್ಲ. ಬಸಳೆಯನ್ನು ಬಾಗಿಲ ಮುಂದೆಯೇ ಹಬ್ಬಿಸಿದರೆ ನಾಯಿ ನೋಡಿಕೊಳ್ಳುತ್ತದೆ. ಸೀಬೆಗೆ ಬಲೆಚೀಲ ಕಟ್ಟುವ ಶ್ರಮ ಬೇಕು. ಶ್ರಮಕ್ಕೆ ತಕ್ಕ ಫಲವೂ ಇದೆ. ಕಿತ್ತಳೆಯಲ್ಲಿರುವುದಕ್ಕಿಂತ ನಾಲ್ಕು ಪಾಲಿಗೂ ಹೆಚ್ಚು ಸಿ ಜೀವಸತ್ವ ಸೀಬೆಯಲ್ಲಿದೆ, ಬೆಟ್ಟದ ನೆಲ್ಲಿಯದೂ ಅದೇ ದರ್ಜೆ.

ಇನ್ನು ತಾಯಿಯವರ ವಿಷಯ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಅವರಿಗೆ ಉಬ್ಬಸ ಹೆಚ್ಚಾದಾಗ ನಾವು ಮೊದಲು ಮಾಡಿದ್ದು ಪಥ್ಯ. ಬಾಳೆಹಣ್ಣು ಶೀತ, ಮೊಸರು ಕಫ, ಸೀಬೆ ಕೆಮ್ಮು, ಸೌತೆಕಾಯಿ ಕೇಳುವುದೇ ಬೇಡ, ರಾತ್ರಿ ಸೊಪ್ಪು ಕೂಡದು, ಹಾಲು ಗಂಟಲಿಗೆ ಹಿಡಿಯುತ್ತದೆ. ಒಬ್ಬೊಬ್ಬ ನೆಂಟರು ಬಂದಾಗ ಒಂದೊಂದು ಪದಾರ್ಥ ಕಳೆಯುತ್ತ ಹೋಯಿತು. ಉಳಿದದ್ದು ಗಂಜಿ, ಮೆಣಸಿನ ಸಾರು, ಕಾಫಿಯಲ್ಲಿ ಅದ್ದಿದ ಬೇಕರಿ ರಸ್ಕು. ಅಂದರೆ ಆ ಅಮೆರಿಕದವರ ಪಟ್ಟಿಯಲ್ಲಿ ಹೆಚ್ಚು ಅಂಕ ತರುವುದನ್ನೆಲ್ಲ ತೆಗೆದು ಕಡಿಮೆ ಅಂಕದ್ದನ್ನು ಮಾತ್ರ ಉಳಿಸಿದ್ದೆವು, ಅದೂ ಪ್ರೀತಿಯಿಂದ. ಒಂದೂವರೆ ವರ್ಷದಲ್ಲಿ 46 ಕಿಲೋ ಇದ್ದವರು 38ಕ್ಕೆ ಇಳಿದರು. ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ದಣಿವು. ರೋಗ ಹೆಚ್ಚಾಗಿದೆಯೆಂದೇ ತಿಳಿದೆವು.

ಕೊನೆಗೆ ತೋರಿಸಿದ ಎದೆರೋಗದ ವೈದ್ಯರು ಊದುವ ಯಂತ್ರದ ಪರೀಕ್ಷೆ ಮಾಡಿಸಿ, ಚೀಟಿ ಬರೆಯುವ ಮೊದಲು ಅಮ್ಮನ ತೋಳನ್ನು ಹಿಡಿದು ನೋಡಿದರು. "ಅಜ್ಜಿಗೆ ಏನು ಊಟ ಹಾಕ್ತೀರಿ?" ಎಂದು ನನ್ನನ್ನು ಕೇಳಿದರು. ನಾನು ಪಥ್ಯದ ಪಟ್ಟಿಯನ್ನು ಹೆಮ್ಮೆಯಿಂದಲೇ ಒಪ್ಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಮ್ಮಿನ ಜೊತೆಗೆ ಹಸಿವಿನ ಖಾಯಿಲೆಯನ್ನೂ ತಂದಿದ್ದೀರಲ್ಲ" ಎಂದರು. ಅಮ್ಮ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾತ್ರ, "ಒಂದು ಬಾಳೆಹಣ್ಣು ತಗೋ ಮಗಾ" ಎಂದರು.

ಉಸಿರಾಡಲು ಕಷ್ಟಪಡುವವರಿಗೆ ಆ ಉಸಿರಾಟದ ಸ್ನಾಯುಗಳೇ ಹೆಚ್ಚು ಶಕ್ತಿ ತಿನ್ನುತ್ತವೆ. ಊಟ ಕಡಿಮೆಯಾದರೆ ಕರಗುವುದು ಅದೇ ಸ್ನಾಯು. 2004ರಲ್ಲಿ ಸೆಲ್ಲಿ ಎಂಬ ವೈದ್ಯರೂ ಸಂಗಡಿಗರೂ ಈ ರೋಗಿಗಳ ಆಯುಸ್ಸನ್ನು ಅಂದಾಜು ಮಾಡಲು ನಾಲ್ಕು ಅಂಶಗಳ ಅಳತೆಯೊಂದನ್ನು ತಂದರು. ಊದುವ ಪರೀಕ್ಷೆ, ಏದುಸಿರಿನ ಪ್ರಮಾಣ, ಆರು ನಿಮಿಷದಲ್ಲಿ ನಡೆಯುವ ದೂರ, ಇವುಗಳ ಸಾಲಿನಲ್ಲಿ ನಾಲ್ಕನೆಯದಾಗಿ ಎತ್ತರಕ್ಕೆ ತಕ್ಕ ತೂಕವಿದೆ. ಆ ಸೂಚ್ಯಂಕ 21ಕ್ಕಿಂತ ಮೇಲಿರಬೇಕು. 160 ಸೆಂಟಿಮೀಟರ್ ಎತ್ತರದವರಿಗೆ ಅದು ಸುಮಾರು 54 ಕಿಲೋ, 150 ಸೆಂಟಿಮೀಟರಿನವರಿಗೆ ಸುಮಾರು 47 ಕಿಲೋ.

ಹಾಲಿನ ವಿಷಯಕ್ಕೆ ಆಸ್ಟ್ರೇಲಿಯದವರು ಒಂದು ತಮಾಷೆಯ ಪ್ರಯೋಗ ಮಾಡಿದ್ದಾರೆ. 60 ಮಂದಿ ಸ್ವಯಂಸೇವಕರಿಗೆ ನೆಗಡಿಯ ವೈರಾಣುವನ್ನು ಹಾಕಿ, ಅವರು ಒರೆಸಿಕೊಂಡ ಸಿಂಬಳವನ್ನು ತೂಗಿದರು. ಹಾಲು ಕುಡಿಯದವರೂ ದಿನಕ್ಕೆ ಹನ್ನೊಂದು ಲೋಟದವರೆಗೆ ಕುಡಿದವರೂ ಅದರಲ್ಲಿದ್ದರು. ಹಾಲಿನಿಂದ ಹೆಚ್ಚೇನೂ ಆಗಲಿಲ್ಲವೆಂದು 1990ರಲ್ಲಿ ಬರೆದರು. ಹಾಲು ಕುಡಿದಾಗ ಬಾಯಿ ಗಂಟಲು ಮಂದವೆನಿಸುವುದು ನಿಜ, ಅದು ಕಫವಲ್ಲ. ಯಾರಿಗಾದರೂ ನಿರ್ದಿಷ್ಟ ಪದಾರ್ಥ ಒಗ್ಗದಿದ್ದರೆ ಅದನ್ನು ಬಿಡಲಿ. ಊರಿನವರೆಲ್ಲರ ಪಥ್ಯವನ್ನು ಒಬ್ಬ ಮುದುಕಿಯ ಮೇಲೆ ಹೇರುವುದು ಬೇಡ.

ವೈದ್ಯರು ಹೇಳಿದಂತೆ ಎರಡು ದೊಡ್ಡ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಕೊಟ್ಟೆವು. ಹೊಟ್ಟೆ ತುಂಬಿ ಉಬ್ಬಿದರೆ ವಪೆ ಮೇಲಕ್ಕೊತ್ತಿ ಉಸಿರು ಕಟ್ಟುತ್ತದೆ. ಊಟಕ್ಕೆ ಮೊದಲು ಅರ್ಧ ಗಂಟೆ ವಿಶ್ರಾಂತಿ. ತೊವ್ವೆ, ಮೆತ್ತಗೆ ಬೇಯಿಸಿದ ಹುರುಳಿ ಕಟ್ಟು, ಹಾಲು, ರಾಗಿ ಅಂಬಲಿ, ಸೊಪ್ಪಿನ ಪಲ್ಯ, ಬೇಕಾದ ಹಣ್ಣು. ನಮ್ಮ ಮನೆಯಲ್ಲಿ ಮೊಟ್ಟೆ ಮೀನು ನಡೆಯುವುದಿಲ್ಲ. ನಡೆಯುವ ಮನೆಗಳಿಗೆ ಕೆಲಸ ಇನ್ನೂ ಸುಲಭ, ಭೂತಾಯಿ ಬಂಗುಡೆ ಒಳ್ಳೆಯ ಕೊಬ್ಬಿನ ಮೀನುಗಳು. ಎಂಟು ತಿಂಗಳಲ್ಲಿ ಅಮ್ಮ 43 ಕಿಲೋಗೆ ಬಂದರು. ಕೆಟ್ಟ ಶ್ವಾಸಕೋಶ ಸರಿಯಾಗಲಿಲ್ಲ, ಸೇದುವ ಔಷಧಿ ಕೊನೆಯವರೆಗೂ ಬೇಕಾಯಿತು. ಆದರೆ ತುಳಸೀಕಟ್ಟೆಯವರೆಗೆ ತಾವೇ ನಡೆದರು, ಜಡೆ ತಾವೇ ಹಾಕಿಕೊಂಡರು. ಹಾಗೆ ಐದು ವರ್ಷ ಬದುಕಿದರು.

ನಮ್ಮ ಎರಡು ಬೆಳೆಗಳ ಬಗ್ಗೆ ಹೇಳದಿದ್ದರೆ ಪಕ್ಷಪಾತವಾದೀತು. ಕಡು ಕಾಫಿ ಉಬ್ಬಸಕ್ಕೆ ಒಳ್ಳೆಯದೆಂದು ಇಂಗ್ಲೆಂಡಿನ ಹೈಡ್ ಸಾಲ್ಟರ್ ಎಂಬ ವೈದ್ಯ 1859ರಷ್ಟು ಹಿಂದೆಯೇ ಬರೆದಿದ್ದ. ಕೆಫೀನು ಶ್ವಾಸನಾಳವನ್ನು ಕೆಲವು ಗಂಟೆ ಸ್ವಲ್ಪ ಸಡಿಲಿಸುವುದು ನಿಜ. ಅದು ದಮ್ಮಿಗೆ ಕೊಡುವ ಥಿಯೋಫಿಲಿನ್ ಔಷಧಿಯ ಹತ್ತಿರದ ನೆಂಟ. ಆ ಕಾರಣಕ್ಕೇ ಆ ಗುಳಿಗೆ ನುಂಗುವವರು ದಿನಕ್ಕೆಷ್ಟು ಕಾಫಿ ಕುಡಿಯುತ್ತೇವೆಂದು ವೈದ್ಯರಿಗೆ ತಿಳಿಸಬೇಕು. ಅಡಿಕೆಯ ಸುದ್ದಿ ಅಷ್ಟು ಸಿಹಿಯಲ್ಲ. ಅದರಲ್ಲಿರುವ ಅರೆಕೋಲಿನ್ ಆಸ್ತಮಾ ಇರುವ ಕೆಲವರ ಶ್ವಾಸನಾಳವನ್ನು ಬಿಗಿಯಿಸುತ್ತದೆಂದು 1992ರಲ್ಲಿ ಬ್ರಿಟನ್ನಿನಿಂದ ವರದಿಯಾಗಿದೆ. ಉಬ್ಬಸವಿರುವವರು ತಾಂಬೂಲ ಬಿಡುವುದು ಲೇಸು. ಅಡಿಕೆ ಸಂಘದ ಕಾರ್ಯದರ್ಶಿ ಹೀಗೆ ಬರೆಯಬಹುದೇ ಎಂದು ಕೇಳುವವರು ಮಹಾಸಭೆಯಲ್ಲಿ ಕೇಳಲಿ.

ಅಡಿಕೆ ಸುಲಿಯುವ ಧೂಳಿನಲ್ಲಿ, ಕಾಫಿ ಹೊಟ್ಟಿನ ಧೂಳಿನಲ್ಲಿ ನಮಗಿಂತ ಹೆಚ್ಚು ಹೊತ್ತು ನಿಲ್ಲುವವರು ನಮ್ಮ ಕೆಲಸಗಾರರು. ಹತ್ತು ಗಂಟೆಯ ಚಹಾದೊಂದಿಗೆ ನಾವು ಕೊಡುವುದು ಒಂದು ಬನ್ನು. ಅದೇ ದುಡ್ಡಿಗೆ ಹುರಿಗಡಲೆಯೋ ಬೇಯಿಸಿದ ಕಡಲೆಕಾಳೋ ಒಂದು ಬಾಳೆಹಣ್ಣೋ ಬರುತ್ತದೆ. ನಮ್ಮ ಕಣದಲ್ಲಿ ಹೋದ ಕೊಯ್ಲಿನಿಂದ ಹಾಗೆ ಮಾಡಿದ್ದೇವೆ. ಮೂತಿಗೆ ಬಟ್ಟೆ ಕಟ್ಟಿಕೊಳ್ಳಿರೆಂದರೆ ಮಾತ್ರ ಯಾರೂ ಕೇಳುವುದಿಲ್ಲ, ನಾನೂ ಸೇರಿದಂತೆ.

ಆರನೆಯ ಮೆಟ್ಟಿಲಿನಲ್ಲಿ ನಿಲ್ಲುವ ಸದಸ್ಯರಲ್ಲಿ ಒಂದು ವಿನಂತಿ. ವಯಸ್ಸೆಂದು ಬಿಡದೆ ಒಮ್ಮೆ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಮಾಡಿಸಿಕೊಳ್ಳಿ. ಮನೆಯ ಹೆಂಗಸರನ್ನೂ ಕರೆದೊಯ್ಯಿರಿ. ಅವರದು ಒಲೆಯ ಲೆಕ್ಕದಲ್ಲಿ ನಮಗಿಂತ ದೊಡ್ಡ ಖಾತೆ.

ಬರುವ ಮಳೆಗಾಲದ ಆರಂಭಕ್ಕೆ ಸಂಘದ ಸಸ್ಯಕ್ಷೇತ್ರದಲ್ಲಿ ಅಡಿಕೆ ಸಸಿಗಳ ಜೊತೆಗೆ ಸೀಬೆ, ಬೆಟ್ಟದ ನೆಲ್ಲಿ, ನುಗ್ಗೆ ಗಿಡಗಳನ್ನೂ ಬಸಳೆ ಬಳ್ಳಿಯ ತುಂಡುಗಳನ್ನೂ ಸಿದ್ಧಪಡಿಸಲಾಗುತ್ತಿದೆ. ಬೇಕಾದ ಸದಸ್ಯರು ಮೇ ತಿಂಗಳ ಕೊನೆಯೊಳಗೆ ಗುಮಾಸ್ತರಲ್ಲಿ ಹೆಸರು ಬರೆಸತಕ್ಕದ್ದು. ಸೀಬೆ ಗಿಡ ಕಡಿಮೆ ಇರುವುದರಿಂದ ಮನೆಯೊಂದಕ್ಕೆ ಎರಡರಂತೆ ಮಾತ್ರ ಕೊಡಲಾಗುವುದು.